ಕರೆಂಟು ಹೋಗಿದ್ದಾಗ

ಮೊದಲು ನಾನು ಮೈಕಿನಲ್ಲಿ ಹೇಳಿದ್ದು ಗೋಲಲ್ಲ.
ನೀಲಿ ಅಂಗಿಯ ಹುಡುಗನೊಬ್ಬ ಸಿಕ್ಕಿದ್ದಾನೆ,
ಮನೆಯವರು ಚಪ್ಪರದ ಹತ್ತಿರ ಬರಬೇಕು.
ಸುಂಟಿಕೊಪ್ಪದ ಮೈದಾನ, ಮೇ ತಿಂಗಳು, ಹದಿನೈದು ವರ್ಷ ನನಗೆ;
ದಿನಾ ಕೂಗುತ್ತಿದ್ದ ಮೇಷ್ಟ್ರ ಗಂಟಲು ಕಟ್ಟಿತ್ತು,
ಮೈಕ್‌ಸೆಟ್ಟು ಅಪ್ಪನದು.
"ಲವೀನಾ, ಸ್ವಲ್ಪ ಹೊತ್ತು ಹಿಡ್ಕೋ" ಅಂದರು.
ಆ ಸ್ವಲ್ಪ ಹೊತ್ತು
ಮೂವತ್ತು ವರ್ಷವಾಯಿತು.

ಹಾಕಿಯ ನಾಡಿನಲ್ಲಿ ಫುಟ್‌ಬಾಲಿಗೆ ಸಿಕ್ಕಿದ್ದು
ತೋಟಗಳ ನಡುವೆ ಒಂದು ತುಂಡು ಇಳಿಜಾರು.
ಕೆಳಗಿನ ಗೋಲು ಕಾಯುವವನನ್ನು ದೇವರೇ ಕಾಯಬೇಕು.
ಅವತ್ತು ಅಲ್ಲಿ ನಿಂತವನು ಗದ್ದೆಹಳ್ಳದ ಅಸೈನಾರ್.
ಚೆಂಡು ಕೈಗೆ ಬಂತು, ಕೈಯಿಂದ ಜಾರಿತು, ಬಲೆಗೆ ಹೋಯಿತು.
"ಗೋಲ್‌ಕೀಪರ್ ಕೈಗೆ ಬೆಣ್ಣೆ ಹಚ್ಕೊಂಡು ಬಂದಿದ್ದಾರೆ!"
ಅಂದೆ ನಾನು.
ಗುಡ್ಡದ ತುಂಬಾ ನಗು.
ಅದರ ರುಚಿ ಹತ್ತಿದ್ದು ಅವತ್ತೇ.

ಆಮೇಲಿನದನ್ನು ನೀವೂ ನೋಡಿರಬಹುದು.
ಕುಶಾಲನಗರದ ಕೇಬಲ್ ಚಾನೆಲ್ಲು, ಮದುವೆ ಛತ್ರದಿಂದ ತಂದ ಪರದೆ;
ಮತ್ತೆ ಬೆಂಗಳೂರಿನ ಸ್ಟುಡಿಯೋ, ರಾತ್ರಿ ಹನ್ನೆರಡೂವರೆ,
ಯಾವುದೋ ದೇಶದ ಮಳೆಯ ಮುಂದೆ ಒಣಗಿದ ಸೀರೆಯುಟ್ಟು
ನಮಸ್ಕಾರ ವೀಕ್ಷಕರೇ.
ನನ್ನ ಮಾತಿನಿಂದ 'ಎಂತ'ವನ್ನೂ 'ಉಂಟು'ವನ್ನೂ ಹೆಕ್ಕಿ ತೆಗೆಯಲು
ಒಬ್ಬರನ್ನು ಸಂಬಳ ಕೊಟ್ಟು ಇಟ್ಟಿದ್ದರು, ಒಳ್ಳೆಯ ಮನುಷ್ಯ.
ಆಟದ ಮಾತು ಪಕ್ಕದ ಕುರ್ಚಿಯ ಮಾಜಿ ಆಟಗಾರರಿಗೆ,
ನನಗೆ ಮುಗುಳ್ನಗೆ, ಅಂಕಿಗಳು, ಜಾಹೀರಾತಿನ ನಂತರ ಭೇಟಿ.
ಆಫ್‌ಸೈಡ್ ಎಂದರೇನೆಂದು ಹನ್ನೊಂದು ವರ್ಷ ವಿವರಿಸಿದೆ.
ಒಂದು ಸೋಮವಾರ ಕನ್ನಡದ ದನಿಯನ್ನೇ ನಿಲ್ಲಿಸಿದರು.
ಬಾವುಟ ಎತ್ತಿದವರ ಮುಖ ಕಾಣಲಿಲ್ಲ.

ಈಗ ಪಾಡ್‌ಕಾಸ್ಟು,
ತಮ್ಮನ ಗೋದಾಮಿನಲ್ಲಿ, ರೊಬಸ್ಟಾ ಚೀಲಗಳ ನಡುವೆ.
ಚೀಲಗಳು ಪ್ರತಿಧ್ವನಿ ನುಂಗುತ್ತವೆ.
ರೇಟು ಏರಿದರೆ ತಮ್ಮ ಮಾರುತ್ತಾನೆ,
ಆ ವಾರ ನನ್ನ ದನಿ ಬಾವಿಗೆ ಬಿದ್ದವಳದು.
ಕೇಳುವವರು ಇನ್ನೂರ ಹನ್ನೆರಡು ಮಂದಿ,
ಒಬ್ಬ ಕುವೈತಿನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಾ.
ಬೆಣ್ಣೆಯ ಕತೆ ಅವರಿಗೆಲ್ಲ ಬಾಯಿಪಾಠ.

ಕಳೆದ ಗುರುವಾರ ಅಸೈನಾರನ್ನೇ ಕರೆದೆ.
ಕಾಫಿ ಕುಯ್ಯುವವರನ್ನು ಲೈನಿಗೆ ಇಳಿಸಿ ಜೀಪಿನಲ್ಲಿ ಬಂದ.
ಗೋದಾಮಿಗೂ ಚಪ್ಪಲಿ ಹೊರಗೇ ಬಿಟ್ಟ.
ದಿನಸಿ ಅಂಗಡಿಯ ಸಾಲದ ಪುಸ್ತಕದಲ್ಲಿ ಅವನು ಬೆಣ್ಣೆ.
ಮಗಳ ಮದುವೆ ಕಾಗದದಲ್ಲೂ ಹೆಸರಿನ ಪಕ್ಕ, ಕಂಸದೊಳಗೆ, ಬೆಣ್ಣೆ;
ಇಲ್ಲದಿದ್ದರೆ ಯಾರ ಮನೆ ಮದುವೆಯೆಂದು ಗೊತ್ತಾಗುವುದಿಲ್ಲ ಅಂದ.
ಕ್ಷಮೆ ಕೇಳಲು ಬಾಯಿ ತೆರೆದೆ.
ಹೆಡ್‌ಫೋನು ಸರಿಮಾಡಿಕೊಳ್ಳುತ್ತಾ ಅವನು,
"ಅದು ಬಿಡಿ. ಹಾಫ್‌ಟೈಮಿಗೆ ಮೊದಲು ಅಂತೀರಲ್ಲ ಯಾವಾಗಲೂ,
ಅದು ಆದದ್ದು ಆಮೇಲೆ.
ಮರುದಿನ ಸೆಮಿಫೈನಲು. ನಾನೊಂದು ಪೆನಾಲ್ಟಿ ಹಿಡಿದದ್ದು
ನೆನಪುಂಟಾ?"

ಇರಲಿಲ್ಲ. ಕರೆಂಟು ಹೋಗಿತ್ತು.
ಅಪ್ಪ ಜನರೇಟರಿನ ಹಗ್ಗ ಎಳೆಯುತ್ತಿದ್ದರು,
ನಾನು ಚಪ್ಪರದ ಹಿಂದೆ ಕೂತು ಪ್ಲಗ್ಗು ಒರೆಸುತ್ತಿದ್ದೆ.
ಜನ ಕೂಗಿದ್ದು ಕೇಳಿತ್ತು,
ಮಳೆ ಬಂತೇನೋ ಅಂದುಕೊಂಡಿದ್ದೆ.

"ಮೈಕಿನಲ್ಲಿ ಬಾರದ್ದು ಇಲ್ಲಿ ಆಗಲೇ ಇಲ್ಲ" ಅಂದ.
ದೂರಿನ ಹಾಗಲ್ಲ,
ಇಲ್ಲಿಯ ಮಣ್ಣು ಇಂಥದ್ದು ಅನ್ನುವ ಹಾಗೆ.

ನನ್ನ ಮೈಕಿನ ಗುಂಡಿ ಒತ್ತಿ ಮುಚ್ಚಿದೆ.
ಅವನು ಕೆಮ್ಮಿದ. ಎರಡೂ ಅಂಗೈ ಚೀಲದ ಮೇಲಿಟ್ಟ.
"ಅಮ್ಮತ್ತಿ ಟೀಮಿನವ, ಎಡಗಾಲಿನವ.
ಬಿಸಿಲು ಅವನ ಬೆನ್ನಿಗೆ, ನನ್ನ ಕಣ್ಣಿಗೆ.
ಕಾಲು ಕಾಣಲಿಲ್ಲ. ನೆರಳು ಕಂಡಿತು.
ನೆರಳು ಬಲಕ್ಕೆ ತಿರುಗಿತು..."

ತೋಟದಾಚೆ ಯಾರೋ ಆನೆ ಓಡಿಸಲು ಪಟಾಕಿ ಹೊಡೆದರು.
ಕತ್ತರಿಸಬೇಕಿತ್ತು. ಹಾಗೇ ಬಿಟ್ಟಿದ್ದೇನೆ.
ಅವನು ತಡೆದು, ಕಿವಿಗೊಟ್ಟು, ಮತ್ತೆ ಹಿಡಿದುಕೊಂಡ;
ಚೆಂಡು ಆಗಿನ್ನೂ ಗಾಳಿಯಲ್ಲಿತ್ತು.